ಬಣ್ಣಕ್ಕಿಂತ ಮೊದಲು ಎತ್ತರ

ಸ್ಟಂಪ್‌ವರ್ಕ್ ಎಂದು ಈಗ ಕರೆಯುವ ಉಬ್ಬು ಕಸೂತಿ ಇಂಗ್ಲೆಂಡಿನಲ್ಲಿ ಮೆರೆದದ್ದು ಹದಿನೇಳನೆಯ ಶತಮಾನದ ನಡುಭಾಗದಿಂದೀಚೆಗೆ. ಬಿಳಿ ಸ್ಯಾಟಿನ್ ಮೇಲೆ ರಾಜ, ರಾಣಿ, ಸಿಂಹ, ಚಿರತೆ, ಹಣ್ಣುಮರ. ಕೆಲವು ಬಟ್ಟೆಗೆ ಅಂಟಿಕೊಂಡಿದ್ದರೆ ಕೆಲವು ಎದ್ದು ಈಚೆಗೆ ಬಂದಿರುತ್ತವೆ. ಮನೆಗಿಂತ ಚಿಟ್ಟೆ ದೊಡ್ಡದು, ಕಂಬಳಿಹುಳು ಸಿಂಹಕ್ಕೆ ಸರಿಸಮ. ಆ ನಿಸ್ಸಂಕೋಚವೇ ನನ್ನನ್ನು ಸೆಳೆದದ್ದು. ಅದೇ ರೀತಿಯಲ್ಲಿ ಒಂದು ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಕಸೂತಿ ಮಾಡಬೇಕೆಂದು ನಿರ್ಧರಿಸಿದೆ.

ಯೋಜನೆಯ ಮೊದಲ ಪಾಠ ಸಿಕ್ಕಿದ್ದು ಹ್ಯಾನಾ ಸ್ಮಿತ್ ಎಂಬ ಹುಡುಗಿಯಿಂದ. ಅವಳ ಪೆಟ್ಟಿಗೆ ಈಗ ಮ್ಯಾಂಚೆಸ್ಟರಿನ ವಿಟ್‌ವರ್ತ್ ಸಂಗ್ರಹದಲ್ಲಿದೆ. ಅದರೊಳಗಿನ ಚೀಟಿಯಲ್ಲಿ ಅವಳೇ ಬರೆದಿಟ್ಟಿದ್ದಾಳೆ: 1654ರಲ್ಲಿ ಹನ್ನೆರಡು ತುಂಬುವ ಮುನ್ನ ಆಕ್ಸ್‌ಫರ್ಡ್‌ಗೆ ಹೋದದ್ದು, ಕಸೂತಿಯನ್ನು ಅಲ್ಲಿ ಮುಗಿಸಿದ್ದು, 1656ರಲ್ಲಿ ಲಂಡನ್ನಿನಲ್ಲಿ ಪೆಟ್ಟಿಗೆ ಕಟ್ಟಿಸಿದ್ದು. ಅಂದರೆ ಹೊಲಿಗೆ ಪೂರ್ತಿಯಾದ ಮೇಲೆಯೇ ಬಟ್ಟೆ ಮರವೇರುತ್ತದೆ. ಅಳತೆ ಮಾತ್ರ ಮೊದಲೇ ಖಚಿತವಾಗಿರಬೇಕು. ನಾನೂ ಬಡಗಿಯಿಂದ ಮುಚ್ಚಳದ ಅಳತೆ ತೆಗೆದುಕೊಂಡ ಮೇಲೆಯೇ ಪೆನ್ಸಿಲ್ ಹಿಡಿದೆ.

ಚಿತ್ರಕ್ಕೆ ಬಾಯಿಬಿಟ್ಟ ದಾಳಿಂಬೆಯನ್ನು ಆರಿಸಿಕೊಂಡೆ. ಆ ಕಾಲದ ಇಂಗ್ಲಿಷ್ ಕಸೂತಿಯಲ್ಲಿ ಅದು ಮತ್ತೆ ಮತ್ತೆ ಕಾಣುವ ಹಣ್ಣು, ನಮ್ಮ ಹಿತ್ತಿಲಿನದೂ ಹೌದು. ಜೊತೆಗೆ ಒಂದು ಬಸವನಹುಳು, ಒಂದು ಚಿಟ್ಟೆ, ಕೆಳಗೆ ಕೊಳ.

ಇಲ್ಲಿ ಬಣ್ಣಕ್ಕೆ ಕೈಹಾಕುವುದು ಸುಲಭ, ಆದರೆ ಉಬ್ಬು ಕಸೂತಿಯ ಜೀವ ಎತ್ತರದಲ್ಲಿದೆ. ಚಿತ್ರದ ಮೇಲೆ ಟ್ರೇಸಿಂಗ್ ಕಾಗದವಿಟ್ಟು ಪ್ರತಿ ಆಕಾರಕ್ಕೂ ಒಂದು ಅಂಕಿ ಬರೆದೆ. ಸೊನ್ನೆ ಎಂದರೆ ಚಪ್ಪಟೆ: ಕಾಂಡ, ಹುಲ್ಲು, ಕೊಳದ ಅಂಚು. ಒಂದು ಎಂದರೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಬಿ ಉಬ್ಬಿಸಿದ್ದು: ಹಣ್ಣು, ಬಸವನಹುಳು. ಎರಡು ಎಂದರೆ ತಂತಿಯ ಬಲದಿಂದ ಬಿಡಿಯಾಗಿ ನಿಲ್ಲುವುದು: ಹಣ್ಣಿನ ಬಿರಿದ ಸಿಪ್ಪೆ, ಚಿಟ್ಟೆಯ ರೆಕ್ಕೆ. ಎಲ್ಲವೂ ಎದ್ದು ನಿಂತರೆ ಯಾವುದೂ ಎದ್ದು ಕಾಣುವುದಿಲ್ಲ; ಹಾಗಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಸೊನ್ನೆಯಾಗಿಯೇ ಉಳಿಯಿತು.

ಕೆಲಸದ ಕ್ರಮವನ್ನೂ ಈ ಅಂಕಿಗಳೇ ಹೇಳುತ್ತವೆ. ಚಪ್ಪಟೆ ಹೊಲಿಗೆ ಮೊದಲು, ಏಕೆಂದರೆ ಉಬ್ಬು ಬಂದ ಮೇಲೆ ಅದರ ಬುಡಕ್ಕೆ ಸೂಜಿ ಹೋಗುವುದಿಲ್ಲ. ಆಮೇಲೆ ಫೆಲ್ಟ್: ಅತಿ ಚಿಕ್ಕ ತುಂಡು ಕೆಳಗೆ, ದೊಡ್ಡದು ಎಲ್ಲಕ್ಕಿಂತ ಮೇಲೆ. ಆಗ ಮೆಟ್ಟಿಲು ಕಾಣದೆ ಹಣ್ಣು ನಯವಾಗಿ ಗುಂಡಗಾಗುತ್ತದೆ. ಅದರ ಸುತ್ತ ಹಿಮ್ಮೊಗದ ಹೊಲಿಗೆಯ (ಬ್ಯಾಕ್ ಸ್ಟಿಚ್) ಗೆರೆ ಹಾಕಿ, ಆ ಗೆರೆಯನ್ನೇ ಆಧಾರವಾಗಿಸಿ ಕಾಜಾ ಹೊಲಿಗೆಯ ಜಾಲವನ್ನು ನೇಯಬೇಕು. ಸೂಜಿ ಬಟ್ಟೆಯನ್ನು ಚುಚ್ಚದೆ ಹಿಂದಿನ ಸಾಲಿನ ಕುಣಿಕೆಯನ್ನಷ್ಟೇ ಹಿಡಿಯುತ್ತದೆ. ಇಡೀ ಕಲೆಯಲ್ಲಿ ನನಗೆ ಅತಿ ಪ್ರಿಯವಾದ ಹೊಲಿಗೆ ಇದು. ಹಣ್ಣಿನ ಮೈಗೆ ನೂಲಿನದೇ ತೊಗಲು ಬಂದಂತಾಗುತ್ತದೆ.

ರೆಕ್ಕೆ, ಸಿಪ್ಪೆಗಳನ್ನು ಬೇರೆ ತೆಳು ಹತ್ತಿ ಬಟ್ಟೆಯ ಮೇಲೆ ಮಾಡಬೇಕು. ತಂತಿಯನ್ನು ಆಕಾರಕ್ಕೆ ಬಾಗಿಸಿ, ಅದರ ಮೇಲೆ ಒತ್ತಾಗಿ ಕಾಜಾ ಹೊಲಿಗೆ ಹಾಕಿ, ಒಳಭಾಗವನ್ನು ರೇಷ್ಮೆ ನೂಲಿನಿಂದ ತುಂಬಿ, ಅಂಚಿಗೆ ತಾಗುವಂತೆ ಕತ್ತರಿಸಬೇಕು. ಬಿಟ್ಟುಕೊಂಡ ತಂತಿಯ ತುದಿಗಳನ್ನು ಮೂಲ ಬಟ್ಟೆಯೊಳಗೆ ಇಳಿಸಿ ಹಿಂದೆ ಮಡಚಿ ಕಟ್ಟಬೇಕು. ಆಗಿನವರು ಲೋಹದ ತಂತಿಗೆ ರೇಷ್ಮೆ ಸುತ್ತುತ್ತಿದ್ದರು. ನಾನು ಕೇಕಿನ ಸಕ್ಕರೆ ಹೂವಿಗೆ ಬಳಸುವ ಕಾಗದ ಸುತ್ತಿದ ತೆಳು ತಂತಿಯನ್ನೇ ತಂದುಕೊಂಡೆ.

ಉಳಿದ ಸಾಮಗ್ರಿಗೆ ಚಿಕ್ಕಪೇಟೆ ಸಾಕಾಯಿತು. ರವಿಕೆ ಕೆಲಸಕ್ಕೆಂದು ಅಲ್ಲಿ ಮಾರುವ ಜರ್ದೋಸಿ ಸುರುಳಿಯಂಥದ್ದೇ ಲೋಹದ ಸುರುಳಿಯನ್ನು ಆ ಹಳೆಯ ಕಸೂತಿಗಳಲ್ಲೂ ಕತ್ತರಿಸಿ ಮಣಿಯಂತೆ ಹೊಲಿಯುತ್ತಿದ್ದರು. ಬಸವನಹುಳುವಿನ ಚಿಪ್ಪಿಗೆ ಅದು, ದಾಳಿಂಬೆ ಕಾಳಿಗೆ ಕೆಂಪು ಗಾಜಿನ ಮಣಿ. ಅವರು ಕಸೂತಿಯ ಅರಮನೆಗಳ ಕಿಟಕಿಗಳಿಗೆ ಕೂರಿಸುತ್ತಿದ್ದ ಕಾಗೆಬಂಗಾರವನ್ನು (ಅಭ್ರಕ) ನಾನು ಕೊಳದ ನೀರಿಗೆ ಇಟ್ಟುಕೊಂಡಿದ್ದೇನೆ.

ಮುಚ್ಚಳದ ಕಸೂತಿಯ ಮೇಲೆ ಹೊದಿಸುವ ಗಾಜು ರೆಕ್ಕೆಗೆ ತಾಗಬಾರದು. ಆದ್ದರಿಂದ ಕಾಗದದ ರೆಕ್ಕೆ ಮಾಡಿ ನಿಲ್ಲಿಸಿ, ಅದರ ತುದಿಯವರೆಗಿನ ಎತ್ತರ ಅಳೆದು, ಮೇಲೆ ಇನ್ನಷ್ಟು ಜಾಗ ಬಿಟ್ಟು ಗಾಜನ್ನು ಎತ್ತಿ ಹಿಡಿಯುವ ಅಂಚುಪಟ್ಟಿ ಕೂರಿಸಲು ಬಡಗಿಗೆ ಹೇಳಿದೆ. ಸ್ಯಾಟಿನ್ ಈಗ ಚೌಕಟ್ಟಿನಲ್ಲಿ ಬಿಗಿಯಾಗಿದೆ, ಸೊನ್ನೆ ಅಂಕಿಯ ಹೊಲಿಗೆ ನಡೆಯುತ್ತಿದೆ.