ಒದ್ದೆ ಟವೆಲ್, ಹೇರ್ ಡ್ರೈಯರ್ ಮತ್ತು ಓಡುತ್ತಲೇ ಆಫ್ ಆಗುತ್ತಿದ್ದ ನನ್ನ ಕಾರು

ಕೊನೆಗೂ ಕಾರಿನ ಕಾಯಿಲೆಯ ಮೂಲ ಹಿಡಿದೆ. ಹನ್ನೊಂದು ತಿಂಗಳು, ನಾಲ್ಕು ಗ್ಯಾರೇಜು, ಹೆಚ್ಚುಕಮ್ಮಿ 27 ಸಾವಿರ ರೂಪಾಯಿ ಆದ ಮೇಲೆ. ರಿಪೇರಿಗೆ ನಿಜವಾಗಿ ಬೇಕಾಗಿದ್ದು ಎರಡು ಸಾವಿರದೊಳಗೆ. 'ಅಡುಗೆಮನೇಲಿ ಕೂತು ಹೇರ್ ಡ್ರೈಯರ್‌ನಲ್ಲಿ ಕಾರ್ ರಿಪೇರಿ ಮಾಡ್ತಾನಂತೆ' ಅಂತ ನಕ್ಕವರು ಓದಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗಾಡಿ 2013ರ ಮಾಡೆಲ್, ಪೆಟ್ರೋಲ್, 1.2 ಲೀಟರ್, ಮ್ಯಾನುಯಲ್ ಗೇರ್. ಕಂಪನಿ ಹೆಸರು ಬೇಡ, ಈ ಕಾಯಿಲೆ ಯಾವ ಗಾಡಿಗೂ ಬರುತ್ತದೆ. ಆಗ 1 ಲಕ್ಷದ 12 ಸಾವಿರ ಕಿ.ಮೀ. ಆಸುಪಾಸು ಓಡಿತ್ತು.

ಮೊದಲ ಸಲ ಆಗಿದ್ದು ಏಪ್ರಿಲ್‌ನಲ್ಲಿ. ಪುತ್ತೂರಿನ ಅಕ್ಕನ ಮನೆಯಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮುಂದೊಂದು ಗ್ಯಾಸ್ ಟ್ಯಾಂಕರ್, ಹಿಂದೊಂದು ಟ್ಯಾಂಕರ್. ಎರಡನೇ ಗೇರ್, ಎಸಿ ಆನ್. ಜರ್ಕ್ ಇಲ್ಲ, ಕೆಮ್ಮಲಿಲ್ಲ. ಸ್ವಿಚ್ ಆರಿಸಿದ ಹಾಗೆ ಸೀದಾ ಆಫ್. ಸ್ಟೇರಿಂಗ್ ಕಲ್ಲಾಯಿತು. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲದ ಬ್ರೇಕಿಗೆ ಸಾಕು, ಆಮೇಲೆ ಪೆಡಲ್ ಮೇಲೆ ಎದ್ದು ನಿಂತರೂ ಅಷ್ಟಕ್ಕಷ್ಟೇ. ಹ್ಯಾಂಡ್‌ಬ್ರೇಕ್ ಎಳೆದೆ. ಹೆಂಡತಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಹಿಂದಿನ ಟ್ಯಾಂಕರ್ ಡ್ರೈವರ್ ಪುಣ್ಯಾತ್ಮ, ದೂರ ಬಿಟ್ಟುಕೊಂಡೇ ಬರುತ್ತಿದ್ದ.

ಸೆಲ್ಫ್ ಚೆನ್ನಾಗಿ ತಿರುಗುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ನಲವತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಒಂದೇ ಏಟಿಗೆ ಸ್ಟಾರ್ಟ್. ಹಾಸನದವರೆಗೆ ಮತ್ತೆ ಕಾಟ ಕೊಡಲಿಲ್ಲ.

ಆಮೇಲೆ ಶುರುವಾಯಿತು ಗ್ಯಾರೇಜ್ ಪ್ರದಕ್ಷಿಣೆ. ಮೊದಲನೆಯವರು ಥ್ರಾಟಲ್ ಬಾಡಿ ಕ್ಲೀನ್ ಮಾಡಿ, ನಾಲ್ಕು ಪ್ಲಗ್ ಹಾಕಿ 2,200 ತಗೊಂಡರು. ಹತ್ತು ದಿನಕ್ಕೆ ಚನ್ನರಾಯಪಟ್ಟಣದ ಹತ್ತಿರ ಮತ್ತೆ ಆಫ್. ಎರಡನೆಯವನು, 'ಸಾರ್, ಇದು ಪಂಪೇ, ಕಣ್ಮುಚ್ಕೊಂಡು ಹೇಳ್ತೀನಿ' ಅಂದ. ಕಣ್ಣು ಮುಚ್ಚಿಕೊಂಡೇ ಹೇಳಿದ್ದ ಅಂತ ಆಮೇಲೆ ಗೊತ್ತಾಯಿತು. ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪ್ ಬದಲಿಸಿದ್ದಕ್ಕೆ ಕೂಲಿ ಸೇರಿ 7,500. ಮೂರು ವಾರ ಏನೂ ಆಗಲಿಲ್ಲ, ಮಳೆಗಾಲ ಬೇರೆ, ಎಲ್ಲರಿಗೂ ಸಿಹಿ ಹಂಚುವುದೊಂದು ಬಾಕಿ. ಬಿಸಿಲು ಬಂದ ದಿನವೇ ಮತ್ತೆ ಆಫ್. ಮೂರನೇ ಕಡೆ ಸ್ಪಾರ್ಕ್ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿತು, ಸುಮಾರು ಐದು ಸಾವಿರ. ನಾಲ್ಕನೇ ಕಡೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ ಅಂದರು. ಹಳೇದನ್ನು ರಿಪೇರಿ ಮಾಡಿಸಲು ಹದಿನೆಂಟು ಸಾವಿರ, ಗ್ಯಾರಂಟಿ ಇಲ್ಲ. ಅಲ್ಲಿಂದ ಎದ್ದು ಬಂದೆ. ಟೋಯಿಂಗ್‌ಗೆ ಹೋಗಿದ್ದು ಬೇರೆ, ಒಂದು ಸಲ ಕುಣಿಗಲ್ ಹತ್ತಿರದಿಂದ ಎಳೆಸಿಕೊಂಡು ಬಂದಿದ್ದಕ್ಕೇ ಆರು ಸಾವಿರ.

ಎಲ್ಲರ ತಪ್ಪೂ ಒಂದೇ. ಗಾಡಿಯನ್ನು ರಾತ್ರಿಯಿಡೀ ಶೆಡ್‌ನಲ್ಲಿ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವಾಗ ಸ್ಕ್ಯಾನರ್ ಹಾಕಿ, ಬಿ.ಎಂ. ರೋಡಿನಲ್ಲಿ ಮೂರು ಕಿ.ಮೀ. ಓಡಿಸಿ 'ಎಲ್ಲಾ ಸರಿಯಿದೆ ಸಾರ್' ಅನ್ನುವುದು. ಸ್ಕ್ಯಾನರ್‌ನಲ್ಲಿ ದೋಷ ತೋರಿಸುವ ಕೋಡ್ ಯಾವುದೂ ಬರುತ್ತಿರಲಿಲ್ಲ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ಏನು ಸಿಗುತ್ತದೆ, ಅಲ್ವಾ?

ದಾರಿ ತೋರಿಸಿದ್ದು ನಮ್ಮ ಮಾವ. ಎಪ್ಪತ್ನಾಲ್ಕು ವರ್ಷ, ಕಾರ್ಬುರೇಟರ್ ಕಾಲದ ಡ್ರೈವಿಂಗ್. ಯಡಿಯೂರಿಗೆ ಹೋಗಿ ಬರುವಾಗ ಗಾಡಿ ನಿಂತಿತು. 'ಪೆಟ್ರೋಲ್ ಆವಿ ಕಟ್ಕೊಂಡಿದೆ ಅಳಿಯಂದ್ರೇ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ' ಅಂದರು. ಈ ಗಾಡಿಯಲ್ಲಿ ಪಂಪ್ ಹಿಂದುಗಡೆ ಟ್ಯಾಂಕ್ ಒಳಗಿದೆ ಮಾವ ಅಂದರೆ ಕೇಳಬೇಕಲ್ಲ! ತಮ್ಮ ಟವೆಲನ್ನೇ ನೀರಲ್ಲಿ ಅದ್ದಿ ಇಂಜಿನ್ ಹಿಂದೆ ಕಂಡ ಪೈಪೊಂದರ ಮೇಲೆ ಹೊದಿಸಿದರು. ಅರ್ಧ ಬಾಟಲಿ ನೀರು ಬೇರೆ ಸುರಿದರು. ಐದೇ ನಿಮಿಷಕ್ಕೆ ಸ್ಟಾರ್ಟ್.

ನಲವತ್ತು ನಿಮಿಷದ್ದು ಐದು ನಿಮಿಷಕ್ಕೆ ಬಂದಿದೆ. ಮಾವನ ಥಿಯರಿ ತಪ್ಪು, ಆದರೆ ನೀರು ಯಾವುದನ್ನೋ ತಣ್ಣಗೆ ಮಾಡಿದೆ. ಮನೆಗೆ ಬಂದು ಟವೆಲ್ ಹಾಕಿದ್ದ ಜಾಗದಿಂದ ನೀರು ಎಲ್ಲಿ ಇಳಿಯುತ್ತದೆ ಅಂತ ಟಾರ್ಚ್ ಹಿಡಿದು ನೋಡಿದೆ. ಇಂಜಿನ್ಗೂ ಗೇರ್‌ಬಾಕ್ಸಿಗೂ ಮಧ್ಯದ ಬೆಲ್‌ಹೌಸಿಂಗ್ ಮೇಲೆ. ಅಲ್ಲೇ ಕೂತಿದೆ ಕ್ರ್ಯಾಂಕ್ ಸೆನ್ಸರ್, ಇಂಜಿನ್ ತಿರುಗುತ್ತಿದೆ ಅಂತ ಹಲ್ಲಿನ ಚಕ್ರ ನೋಡಿ ಇಸಿಯುಗೆ ತಿಳಿಸುವುದು ಅದೇ. ಒಂದು ಗೇಣು ದೂರದಲ್ಲಿ ಸೈಲೆನ್ಸರ್ ಪೈಪ್.

ಮೆಕ್ಯಾನಿಕ್‌ಗೆ ಹೇಳಿದೆ. 'ಸೆನ್ಸರ್ ಹೋದ್ರೆ ಪೂರ್ತಿ ಹೋಗುತ್ತೆ ಸಾರ್, ಹೋಗೋದು ಬರೋದು ಮಾಡಲ್ಲ. ಮೀಟರ್‌ನಲ್ಲಿ ಇಂಜಿನ್ ಲೈಟ್ ಬರ್ಬೇಕಿತ್ತು' ಅಂದ. ಸರಿ, ನಾನೇ ನೋಡಿಕೊಳ್ಳುತ್ತೇನೆ ಅಂತ ಹಟ ಬಂತು.

ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ. ಹಳೇ ಫೋನನ್ನು ಸ್ಟೇರಿಂಗ್ ಹಿಂದೆ ಟೇಪ್ ಹಾಕಿ ಕೂರಿಸಿ, ಮೀಟರ್‌ನ ವಿಡಿಯೋ ತೆಗೆಯುತ್ತಾ ಓಡಿಸಿದೆ. ಭಾನುವಾರ ಮಧ್ಯಾಹ್ನ, ಖಾಲಿ ರಸ್ತೆ, ಸಕಲೇಶಪುರದ ಕಡೆ. ನಾಲ್ಕು ವಾರ ಸುತ್ತಿದ್ದಕ್ಕೆ ಎರಡು ಸಲ ಸಿಕ್ಕಿತು. ಗಾಡಿ ಗೇರಲ್ಲೇ ಇದೆ, ಕ್ಲಚ್ ಒತ್ತಿಲ್ಲ, ಚಕ್ರಗಳೇ ಇಂಜಿನ್ ತಿರುಗಿಸುತ್ತಿವೆ. ಪೆಟ್ರೋಲ್ ನಿಂತಿದ್ದರೆ ಆರ್‌ಪಿಎಂ ಮುಳ್ಳು ಗಾಡಿಯ ಸ್ಪೀಡ್ ಜೊತೆ ನಿಧಾನ ಇಳಿಯಬೇಕಿತ್ತು. ಇಲ್ಲಿ ದಪ್ಪಂತ ಸೊನ್ನೆಗೆ ಬಿತ್ತು. ಗಾಡಿ ಆಗ ಇನ್ನೂ ನಲವತ್ತರಲ್ಲಿದೆ! ಅಂದರೆ ಇಂಜಿನ್ ತಿರುಗುತ್ತಿರುವುದೇ ಇಸಿಯುಗೆ ಗೊತ್ತಾಗುತ್ತಿಲ್ಲ. ಗೊತ್ತಾಗದಿದ್ದರೆ ಅದು ಪಂಪನ್ನೂ ನಿಲ್ಲಿಸುತ್ತದೆ, ಸ್ಪಾರ್ಕನ್ನೂ ನಿಲ್ಲಿಸುತ್ತದೆ. ಎಲ್ಲರೂ ಪಂಪ್, ಕಾಯಿಲ್ ಅಂತ ಬದಲಿಸಿದ್ದು ಇದಕ್ಕೇ. ಕೋಡ್ ಬರದಿದ್ದುದೂ ಇದಕ್ಕೇ ಅಂತ ನನ್ನ ಲೆಕ್ಕ. ಇಸಿಯು ಪಾಲಿಗೆ ಯಾರೋ ಗಾಡಿ ನಿಲ್ಲಿಸಿದ್ದಾರೆ, ಅಷ್ಟೇ.

ಆದರೂ ಪಂಪಿನ ಮೇಲೆ ಅನುಮಾನ ಪೂರ್ತಿ ಹೋಗಲಿಲ್ಲ. ಪೆಟ್ರೋಲ್ ಪ್ರೆಶರ್ ಅಳೆಯುವ ಗೇಜ್ ಬಾಡಿಗೆಗೆ ತಂದು, ಪೈಪ್ ಉದ್ದ ಮಾಡಿ ವೈಪರ್ ಪಕ್ಕ ಕಟ್ಟಿಕೊಂಡು ಓಡಿಸಿದೆ. ಆಫ್ ಆದ ಕ್ಷಣದಲ್ಲೂ ಮೂರು ಬಾರ್ ಹತ್ತಿರವೇ ನಿಂತಿತ್ತು. ಪಂಪ್ ನಿರಪರಾಧಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಪೈಪ್ ಎಳೆದುಕೊಂಡು ಓಡಿಸುವುದು ಬುದ್ಧಿವಂತರು ಮಾಡುವ ಕೆಲಸ ಅಲ್ಲ. ಪಕ್ಕದ ಸೀಟಲ್ಲಿ ಫೈರ್ ಎಕ್ಸ್‌ಟಿಂಗ್ವಿಶರ್ ಇಟ್ಟಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

ಇದರ ಮಧ್ಯೆ ಪಕ್ಕದ ಮನೆಯವರದು ಒಂದೇ ಪಾಠ, 'ಎಲ್ಲಾ ಇ20 ಪೆಟ್ರೋಲ್ ಕಾಟ ರೀ.' ಇ20 ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದನ್ನೂ ನೋಡಿಬಿಡೋಣ ಅಂತ ಅಳತೆ ಗೆರೆ ಇರುವ ಗಾಜಿನ ಜಾರ್ ತಂದೆ. ಹಿತ್ತಲಲ್ಲಿ ಕೂತು 10 ಎಂಎಲ್ ನೀರಿಗೆ 90 ಎಂಎಲ್ ಪೆಟ್ರೋಲ್ ಸೇರಿಸಿ ಕುಲುಕಿಟ್ಟೆ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. 10 ಎಂಎಲ್ ಇದ್ದ ನೀರಿನ ಪದರ 27ರ ಹತ್ತಿರ ಬಂತು. ಶೇ. 20ಕ್ಕೆ ಹೆಚ್ಚುಕಮ್ಮಿ ತಾಳೆಯಾಯಿತು. ಎಥನಾಲ್ ಇರುವುದು ನಿಜ. ಆದರೆ ಅದು ಆರ್‌ಪಿಎಂ ಮುಳ್ಳನ್ನು ಸೊನ್ನೆಗೆ ಬೀಳಿಸುವುದಿಲ್ಲವಲ್ಲ! ನನ್ನ ಕೆಲಸಕ್ಕೆ ಏನೂ ಉಪಯೋಗವಾಗಲಿಲ್ಲ, ಸುಮ್ನೆ ಖುಷಿಗೆ ಮಾಡಿದ್ದು.

ಮುಂದಿನ ಸಲ ಗಾಡಿ ನಿಂತಾಗ ಸಿದ್ಧವಾಗಿದ್ದೆ. ಬಾಟಲಿ ಮುಚ್ಚಳಕ್ಕೆ ಡ್ರಿಪ್ ಪೈಪ್ ಸಿಕ್ಕಿಸಿ ಸೆನ್ಸರ್ ಒಂದರ ಮೇಲೆ ಮಾತ್ರ ನೀರು ಬಿಟ್ಟೆ. ನಿಮಿಷ ಮೂರು, ಸ್ಟಾರ್ಟ್. ಇದನ್ನು ಮಾಡುವವರು ಇಂಜಿನ್‌ನಿಂದ ಹೊಗೆ ಹೊರಬರುವ ಬಿಸಿ ಮ್ಯಾನಿಫೋಲ್ಡ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ, ಸೀಳು ಬಿಟ್ಟರೆ ಅದೊಂದು ಬೇರೆ ಖರ್ಚು.

ಇನ್ನು ಅಡುಗೆಮನೆ. ಸೆನ್ಸರ್ ಬಿಚ್ಚಿದೆ, ಹತ್ತರ ಸ್ಪ್ಯಾನರ್‌ನ ಒಂದೇ ಬೋಲ್ಟ್. ಆದರೆ ಕೈ ಹೋಗುವುದಿಲ್ಲ, ಮೊದಲ ಸಲ ಒಂದೂವರೆ ಗಂಟೆ ಹಿಡಿಯಿತು, ಮಣಿಕಟ್ಟಿನ ಚರ್ಮವೂ ಕಿತ್ತುಹೋಯಿತು. ನನ್ನದು ಎರಡು ವೈರಿನ ಸೆನ್ಸರ್, ಒಳಗೆ ಬರೀ ತಾಮ್ರದ ಸುರುಳಿ. ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಮೂರು ವೈರಿನ ಹಾಲ್ ಟೈಪ್ ಇದ್ದವರಿಗೆ ಈ ಪರೀಕ್ಷೆ ಆಗುವುದಿಲ್ಲ. ಮಲ್ಟಿಮೀಟರ್ ಕಚ್ಚಿಸಿದೆ. ತಣ್ಣಗಿದ್ದಾಗ ಎಂಟುನೂರ ಐವತ್ತು ಓಮ್ ಚಿಲ್ಲರೆ, ಅದು ಸರಿಯಾಗೇ ಇದೆ. ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ. ಬಿಸಿಗೆ ತಾಮ್ರದ ರೆಸಿಸ್ಟೆನ್ಸ್ ಏರುವುದು ಮಾಮೂಲಿ. ಒಂಬೈನೂರು, ಸಾವಿರ, ಸಾವಿರದ ಐವತ್ತು. ನೋಡನೋಡುತ್ತಲೇ ಮೀಟರ್ 'ಓಎಲ್' ಅಂತು. ಅಂದರೆ ಬಿಸಿಗೆ ಒಳಗಿನ ಸುರುಳಿ ಕಡಿದುಕೊಂಡಿದೆ, ಸರ್ಕ್ಯೂಟೇ ಇಲ್ಲ. ಫ್ರಿಜ್‌ನಲ್ಲಿ ಹತ್ತು ನಿಮಿಷ ಇಟ್ಟೆ, ಮತ್ತೆ ಎಂಟುನೂರ ಐವತ್ತು. ಆರು ಸಲ ಮಾಡಿದೆ, ಆರು ಸಲವೂ ಹಾಗೇ. ಆ ವಿಡಿಯೋವನ್ನು ಎಲ್ಲಾ ಮೆಕ್ಯಾನಿಕ್‌ಗಳಿಗೂ ಕಳಿಸಿದೆ. ಒಬ್ಬ ಮಾತ್ರ ಹೆಬ್ಬೆರಳು ಕಳಿಸಿದ. ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಗ್ರೀಸ್ ಹತ್ತಿದ ಸಾಮಾನು ಇಟ್ಟಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ ಕಥೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ನನ್ನ ಜಿಪುಣತನವೇ ಕಾರಣ. ಒರಿಜಿನಲ್ 1,400 ಅಂದರು. ಲೋಕಲ್ ಮಾಲು 450ಕ್ಕೆ ಸಿಕ್ಕಿತು, ಅದನ್ನೇ ಹಾಕಿದೆ. ಮೂರು ವಾರ. ಅದೇ ಘಾಟಿ, ದೋಣಿಗಾಲ್ ಹತ್ತಿರ ಆಫ್. ಡ್ರೈಯರ್ ಹಿಡಿದರೆ ಹಳೆಯದಕ್ಕಿಂತ ಬೇಗ 'ಓಎಲ್'. ಮುಖಕ್ಕೆ ಮಂಗಳಾರತಿ ಆಯಿತು. ಒರಿಜಿನಲ್ ತಂದು, ಈ ಸಲ ಗಾಡಿಗೆ ಹಾಕುವ ಮೊದಲೇ ಡ್ರೈಯರ್ ಹಿಡಿದೆ. ಅರ್ಧ ಗಂಟೆ ಕಾಯಿಸಿದರೂ ಜಗ್ಗಲಿಲ್ಲ.

ಹಾಕಿ ಎರಡು ತಿಂಗಳು ಆರಾಮಾಗಿದ್ದೆ. ಆಮೇಲೆ ಒಂದೇ ಒಂದು ಸಲ, ಹಾಸನ ಊರೊಳಗೆ ಹಂಪ್ ಹಾರುವಾಗ ಒಂದು ಕ್ಷಣ ಆರಿ ಮತ್ತೆ ಹತ್ತಿಕೊಂಡಿತು. ಎದೆ ಧಸಕ್ಕೆಂದಿತು. ಆದರೆ ಇದು ಬಿಸಿಯ ಆಟ ಅಲ್ಲ, ಅಲುಗಾಟದ್ದು. ಇಂಜಿನ್ ಐಡಲ್‌ನಲ್ಲಿ ಬಿಟ್ಟು ವೈರ್ ಹಿಡಿದು ಅಲ್ಲಾಡಿಸುತ್ತಾ ಹೋದೆ. ಕನೆಕ್ಟರ್‌ನಿಂದ ಒಂದು ಮೊಳದಷ್ಟು ವೈರ್ ಸೈಲೆನ್ಸರ್ ಬಿಸಿಗೆ ಒಣ ಹಪ್ಪಳದ ಹಾಗಾಗಿತ್ತು. ಮುಟ್ಟಿದರೆ ಪುಡಿ. ಅಷ್ಟನ್ನೂ ಕತ್ತರಿಸಿ ಶೀಲ್ಡ್ ಇರುವ ಹೊಸ ವೈರ್ ಬೆಸುಗೆ ಹಾಕಿ, ಬಿಸಿ ತಡೆಯುವ ಸ್ಲೀವ್ ತೊಡಿಸಿ, ದಾರಿ ಬದಲಿಸಿ ಪೈಪಿನಿಂದ ದೂರ ಕಟ್ಟಿದೆ. ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್‌ಗೆ ಕೊಡಬೇಕು. ನಾನು ಮೊದಲು ಎರಡೂ ಕಡೆ ಕೊಟ್ಟು ಮಿಸ್‌ಫೈರ್ ಬರಿಸಿಕೊಂಡೆ. ಸಾಮಾನಿಗೆ 160 ಆಯಿತೋ 180 ಆಯಿತೋ. ಕನೆಕ್ಟರ್ ಪಿನ್ ಸಡಿಲವಾಗಿದ್ದನ್ನು ಬಿಗಿ ಮಾಡಿದ್ದು ಮಾತ್ರ ನನ್ನದೇ ಒಂದು ಉಪಾಯ, ಅದನ್ನು ಇಲ್ಲಿ ಬರೆಯುವುದಿಲ್ಲ. ಸೆನ್ಸರ್ ತುದಿಗೂ ಹಲ್ಲಿನ ಚಕ್ರಕ್ಕೂ ಮಧ್ಯದ ಗ್ಯಾಪ್ ಕಡಿಮೆ ಮಾಡಿದ್ದೂ ಅಷ್ಟೇ. ಅಳತೆ ತಪ್ಪಿದರೆ ಸೆನ್ಸರ್ ಉಜ್ಜಿಹೋಗುತ್ತದೆ, ಆಮೇಲೆ ನನ್ನನ್ನು ಬೈಯುತ್ತೀರಿ.

ಅದಾಗಿ ಈಗ ಒಂಬತ್ತು ಸಾವಿರ ಕಿ.ಮೀ. ಆಯಿತು. ಈ ಬೇಸಿಗೆಯಲ್ಲಿ ಬೇಕಂತಲೇ ಮಧ್ಯಾಹ್ನ ಒಂದೂವರೆಗೆ ಗುಂಡ್ಯ ಬಿಟ್ಟು, ಎಸಿ ಹಾಕಿಕೊಂಡು, ಟ್ಯಾಂಕರ್‌ಗಳ ಹಿಂದೆಯೇ ಶಿರಾಡಿ ಹತ್ತಿದೆ. ಮಾರನಹಳ್ಳಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ ಟೀ ಕುಡಿದೆ, ಯಾಕೆಂದರೆ ಬಿಸಿ ಇಂಜಿನ್ ಆಫ್ ಮಾಡಿದ ಮೇಲೆ ಬಾನೆಟ್ ಒಳಗಿನ ಶಾಖ ಇನ್ನೂ ಏರುತ್ತದೆ. ಕೀ ತಿರುಗಿಸಿದೆ, ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ಮಾವ, 'ನಾನು ಅವತ್ತೇ ಹೇಳ್ಲಿಲ್ವಾ, ಪಂಪ್ ಬಿಸಿ ಆಗ್ತಿತ್ತು ಅಂತ' ಅಂದರು. ನಾನು ಹೂಂ ಅಂದೆ. ಅವರ ಟವೆಲ್ ಇನ್ನೂ ಡಿಕ್ಕಿಯಲ್ಲೇ ಇದೆ.