ಲಿನಕ್ಸ್ ತಾನಾಗಿ ಮಾಡುವ ಕೆಲಸಗಳ ಹೊತ್ತು ಬದಲಿಸುವುದು

ಲಾಗ್ ಕಡತಗಳನ್ನು ಸರದಿಯಂತೆ ತೆಗೆದಿಡುವುದು, ಅಪ್‌ಡೇಟ್ ಹಾಕುವುದು, ಎಸ್‌ಎಸ್‌ಡಿಗೆ ಟ್ರಿಮ್ ಕೊಡುವುದು (ಅಳಿಸಿದ ಜಾಗ ಖಾಲಿಯಾಗಿದೆ ಎಂದು ತಿಳಿಸುವುದು): ಇವನ್ನೆಲ್ಲ ಲಿನಕ್ಸ್ ಯಾರೂ ಹೇಳದೆಯೇ ಮಾಡುತ್ತದೆ. ಅದು ಆರಿಸಿಕೊಂಡ ಹೊತ್ತು ನಿಮಗೆ ಒಗ್ಗದಿದ್ದರೆ ಬದಲಿಸಬಹುದು. ಆದರೆ ಕಡತಕ್ಕೆ ಕೈಹಾಕುವ ಮುನ್ನ ಆ ಕೆಲಸವನ್ನು ನಡೆಸುತ್ತಿರುವುದು ಕ್ರಾನೋ, ಅನಾಕ್ರಾನೋ, ಸಿಸ್ಟಮ್‌ಡಿ ಟೈಮರೋ ಎಂದು ಖಚಿತಪಡಿಸಿಕೊಳ್ಳಿ. ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ಮೂರು ವ್ಯವಸ್ಥೆಗಳಿವು. ಹೆಚ್ಚಿನವರು ಎಡವುವುದು ಇಲ್ಲೇ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ, ಲಾಗ್ ಸರದಿ ನೋಡಿಕೊಳ್ಳುವ ಲಾಗ್‌ರೊಟೇಟ್‌ಗೆ ಕ್ರಾನ್.ಡೈಲಿ ಫೋಲ್ಡರಿನಲ್ಲೂ ಒಂದು ಸ್ಕ್ರಿಪ್ಟ್ ಇದೆ. ಸಿಸ್ಟಮ್‌ಡಿ ಓಡುತ್ತಿದ್ದರೆ ಆ ಸ್ಕ್ರಿಪ್ಟ್ ಏನೂ ಮಾಡದೆ ಹೊರಬರುತ್ತದೆ. ಅದನ್ನು ಎಷ್ಟು ತಿದ್ದಿದರೂ ಹೊತ್ತು ಬದಲಾಗದು.

‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಕೊಡಿ. ಯಾವ ಟೈಮರ್ ಕೊನೆಗೆ ಯಾವಾಗ ಓಡಿತು, ಮುಂದೆ ಯಾವಾಗ ಓಡಲಿದೆ ಎಂಬುದು ಅಲ್ಲಿ ಕಾಣುತ್ತದೆ. ಲಾಗ್‌ರೊಟೇಟ್ ಅಲ್ಲಿದ್ದರೆ ‘ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಲಾಗ್‌ರೊಟೇಟ್.ಟೈಮರ್’ ಎನ್ನಿ. ಮೂಲ ಕಡತವನ್ನು ನೇರವಾಗಿ ತಿದ್ದಬೇಡಿ, ಪ್ಯಾಕೇಜಿನ ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನು ಅಳಿಸುತ್ತದೆ. ತೆರೆದ ಎಡಿಟರಿನಲ್ಲಿ ಹೀಗೆ ಬರೆಯಿರಿ:

[ಟೈಮರ್]
ಆನ್‌ಕ್ಯಾಲೆಂಡರ್=
ಆನ್‌ಕ್ಯಾಲೆಂಡರ್=*-*-* 23:30:00
ಅಕ್ಯುರೆಸಿಸೆಕ್=1ಮಿನ್

ಆಜ್ಞೆಗಳನ್ನೂ ಈ ಸಾಲುಗಳನ್ನೂ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಖಾಲಿ ಬಿಟ್ಟ ಎರಡನೆಯ ಸಾಲೇ ಇಲ್ಲಿ ಮುಖ್ಯ. ಅದು ಹಳೆಯ ಹೊತ್ತನ್ನು ತೆಗೆದುಹಾಕುತ್ತದೆ. ಅದಿಲ್ಲದಿದ್ದರೆ ಹೊಸ ಹೊತ್ತು ಹಳೆಯದರ ಜೊತೆಗೆ ಸೇರಿ ಕೆಲಸ ಎರಡೆರಡು ಸಲ ನಡೆಯುತ್ತದೆ. ಕೊನೆಯ ಸಾಲು ಬೇಕಾಗುವುದು, ಕೆಲಸ ಎಷ್ಟು ಹೊತ್ತು ತಡವಾಗಬಹುದು ಎಂಬ ಅವಧಿ ಮೂಲ ಕಡತದಲ್ಲಿ ಗಂಟೆಗಟ್ಟಲೆ ಇರಬಹುದು ಎಂಬ ಕಾರಣಕ್ಕೆ. ಈ ಸಾಲುಗಳು ಎಡಿಟರಿನ ಮೇಲ್ಭಾಗದಲ್ಲಿ, ಗುರುತು ಹಾಕಿದ ಎರಡು ಟಿಪ್ಪಣಿಗಳ ನಡುವೆಯೇ ಇರಲಿ. ಎರಡನೆಯ ಟಿಪ್ಪಣಿಯ ಕೆಳಗೆ ಬರೆದದ್ದು ಉಳಿಯುವುದಿಲ್ಲ. ಉಳಿಸಿದ ಮೇಲೆ ಟೈಮರನ್ನು ರೀಸ್ಟಾರ್ಟ್ ಮಾಡಿ, ಮತ್ತೆ ಪಟ್ಟಿ ತೆಗೆದು ಮುಂದಿನ ಹೊತ್ತು ನೋಡಿ. ಬರೆದ ಹೊತ್ತಿನ ಅರ್ಥ ಅನುಮಾನವಾದರೆ ‘ಸಿಸ್ಟಮ್‌ಡಿ-ಅನಲೈಜ್ ಕ್ಯಾಲೆಂಡರ್’ ಆಜ್ಞೆಗೆ ಅದನ್ನೇ ಉದ್ಧರಣ ಚಿಹ್ನೆಯೊಳಗೆ ಕೊಟ್ಟು ಕೇಳಿ. ರಾತ್ರಿ ಆರಿಸಿಡುವ ಲ್ಯಾಪ್‌ಟಾಪ್ ಆದರೆ ‘ಪರ್ಸಿಸ್ಟೆಂಟ್=ಟ್ರೂ’ ಇದೆಯೇ ನೋಡಿ. ಅದಿದ್ದರೆ ತಪ್ಪಿದ ಕೆಲಸ ಮುಂದಿನ ಸಲ ಯಂತ್ರ ಚಾಲೂ ಆದಾಗ ನಡೆಯುತ್ತದೆ.

ಕ್ರಾನ್ ತಪ್ಪಿದ್ದನ್ನು ಬಿಟ್ಟೇಬಿಡುತ್ತದೆ. ಆ ಕೊರತೆ ತುಂಬುವುದಕ್ಕೇ ಅನಾಕ್ರಾನ್ ಇರುವುದು. ಆದರೆ ಅದು ದಿನಗಳ ಲೆಕ್ಕ ಮಾತ್ರ ಇಡುತ್ತದೆ, ಗಂಟೆಗಳದ್ದಲ್ಲ.

ಕ್ರಾನ್ ಸಾಲಿನ ಐದು ಅಂಕಣಗಳು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ. ‘30 2 * * 0’ ಎಂದರೆ ಭಾನುವಾರ ಬೆಳಗಿನ ಜಾವ ಎರಡೂವರೆ. ತಾರೀಖು, ವಾರದ ದಿನ ಎರಡನ್ನೂ ತುಂಬಿದರೆ ಎಚ್ಚರ. ‘0 2 13 * 5’ ಹದಿಮೂರರ ಶುಕ್ರವಾರಕ್ಕಷ್ಟೇ ಅಲ್ಲ, ಪ್ರತಿ ಹದಿಮೂರಕ್ಕೂ ಪ್ರತಿ ಶುಕ್ರವಾರಕ್ಕೂ ಓಡುತ್ತದೆ. /ಇಟಿಸಿ/ಕ್ರಾನ್‌ಟ್ಯಾಬ್ ಕಡತದಲ್ಲೂ /ಇಟಿಸಿ/ಕ್ರಾನ್.ಡಿ ಫೋಲ್ಡರಿನ ಕಡತಗಳಲ್ಲೂ ಆಜ್ಞೆಗೆ ಮುಂಚೆ ಬಳಕೆದಾರನ ಹೆಸರೂ ಬೇಕು.

ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಓಡದಿದ್ದರೆ ಮೊದಲು ಪಾತ್ (ಆಜ್ಞೆಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಅನುಮಾನಿಸಿ. ಕ್ರಾನ್ ಹುಡುಕುವ ಫೋಲ್ಡರುಗಳು ಬಹಳ ಕಡಿಮೆ, ಹಾಗಾಗಿ ಆಜ್ಞೆಯ ಪೂರ್ತಿ ದಾರಿ ಬರೆಯಿರಿ. ಮುಂದಿನ ಅನುಮಾನ % ಚಿಹ್ನೆ. ಕ್ರಾನ್ ಅದನ್ನು ಹೊಸ ಸಾಲೆಂದು ತಿಳಿಯುತ್ತದೆ. ಅದಕ್ಕೆ ಮುಂಚೆ \ ಹಾಕಬೇಕು. ಡೆಬಿಯನ್, ಉಬುಂಟುಗಳಲ್ಲಿ ಕ್ರಾನ್.ಡೈಲಿಯೊಳಗಿನ ಕಡತದ ಹೆಸರಿನಲ್ಲಿ ಚುಕ್ಕೆ ಇರಕೂಡದು. ‘ಬ್ಯಾಕಪ್.ಎಸ್‌ಎಚ್’ ಎಂದಿಟ್ಟರೆ ಯಾವ ದೂರೂ ಹೇಳದೆ ಬಿಟ್ಟುಬಿಡುತ್ತದೆ, ‘ಬ್ಯಾಕಪ್’ ಎಂದಷ್ಟೇ ಇಡಿ. ‘ರನ್-ಪಾರ್ಟ್ಸ್ --ಟೆಸ್ಟ್ /ಇಟಿಸಿ/ಕ್ರಾನ್.ಡೈಲಿ’ ಕೊಟ್ಟರೆ ನಿಜಕ್ಕೂ ಓಡಲಿರುವ ಕಡತಗಳಷ್ಟೇ ಕಾಣುತ್ತವೆ.

ಸ್ವಂತ ಕ್ರಾನ್‌ಟ್ಯಾಬ್ (ನಿಮ್ಮ ಕ್ರಾನ್ ಸಾಲುಗಳ ಪಟ್ಟಿ) ತಿದ್ದಲು ‘ಕ್ರಾನ್‌ಟ್ಯಾಬ್’ ಆಜ್ಞೆಗೆ -ಇ, ಪೂರ್ತಿ ಅಳಿಸಲು -ಆರ್. ಕೀಲಿಮಣೆಯಲ್ಲಿ ಇವೆರಡೂ ಅಕ್ಕಪಕ್ಕ, ಅಳಿಸುವಾಗ ಅದು ಒಂದು ಮಾತೂ ಕೇಳುವುದಿಲ್ಲ. ತಿದ್ದುವ ಮೊದಲು -ಎಲ್ ಕೊಟ್ಟು ಬಂದದ್ದನ್ನು ಒಂದು ಕಡತಕ್ಕೆ ಉಳಿಸಿಕೊಳ್ಳಿ.