ಮಲೆನಾಡಿನ ಪ್ರೌಢಶಾಲೆಯಲ್ಲಿ ಚೀನಾವನ್ನು ಕಲಿಸುವುದು ಹೇಗೆ

ಚೀನಾ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮಹಾಗೋಡೆ, ರೇಷ್ಮೆ, ಕಾಗದ, 1962ರ ಯುದ್ಧ ಮತ್ತು ಅಗ್ಗದ ಮೊಬೈಲುಗಳು ನೆನಪಾಗುತ್ತವೆ. ಇವುಗಳಿಗೆ ರಾಜವಂಶಗಳ ಪಟ್ಟಿಯೊಂದನ್ನು ಸೇರಿಸಿ ಕಂಠಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನ ಏನೂ ಉಳಿಯುವುದಿಲ್ಲ. ನಮ್ಮ ಊರಿನ ನೆಲ, ನೀರು, ಕಂದಾಯ ಮತ್ತು ಪರೀಕ್ಷೆಗಳ ಬಗ್ಗೆ ಮಕ್ಕಳಲ್ಲಿ ಈಗಾಗಲೇ ಇರುವ ಪ್ರಶ್ನೆಗಳನ್ನೇ ಹಿಡಿದು ಚೀನಾವನ್ನು ನೋಡುವಂತೆ ಮಾಡುವುದು ಫಲಕಾರಿ ಮಾರ್ಗವೆಂದು ನಾನು ದೃಢವಾಗಿ ನಂಬುತ್ತೇನೆ. ವಾರಕ್ಕೆ ಎರಡು ಅವಧಿಗಳಂತೆ ಒಂದು ತಿಂಗಳು ದೊರೆತರೆ ಈ ಕೆಲಸವನ್ನು ನೆಮ್ಮದಿಯಿಂದ ಮಾಡಬಹುದು.

ಮೊದಲ ಅವಧಿಯನ್ನು ಭೂಪಟಕ್ಕೆ ಮೀಸಲಿಡಿ. ಮಲೆನಾಡು ಮತ್ತು ಬಯಲುಸೀಮೆಯ ವ್ಯತ್ಯಾಸವನ್ನು ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ತೀರ್ಥಹಳ್ಳಿಯಿಂದ ಶಿಕಾರಿಪುರದ ಕಡೆಗೆ ಹೋಗುತ್ತಿದ್ದಂತೆ ಬೆಳೆ, ಮನೆಯ ಮಾಡು ಮತ್ತು ಊಟ ಬದಲಾಗುವುದನ್ನು ಅವರು ಕಂಡಿರುತ್ತಾರೆ. ಚೀನಾದಲ್ಲಿಯೂ ಚಿನ್‌ಲಿಂಗ್ ಪರ್ವತಶ್ರೇಣಿ ಮತ್ತು ಹ್ವಾಯ್ ನದಿಯನ್ನು ಕೂಡಿಸುವ ರೇಖೆಯ ದಕ್ಷಿಣಕ್ಕೆ ಭತ್ತದ ಸೀಮೆ, ಉತ್ತರಕ್ಕೆ ಗೋಧಿ ಮತ್ತು ಕಿರುಧಾನ್ಯಗಳ ಸೀಮೆ ಇದೆ. ನಾವು ಬಲ್ಲ ನವಣೆಯನ್ನು ಮೊದಲು ಬೆಳೆಗೆ ಪಳಗಿಸಿದ್ದು ಉತ್ತರ ಚೀನಾದ ರೈತರೇ. ಬೀಜಿಂಗಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಸಾಮಾನ್ಯವಾಗಿ ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅಷ್ಟು ಕಡಿಮೆ ಮಳೆಯ ನಾಡಿನಲ್ಲಿ ಜನರು ಏನು ಬೆಳೆದು ಏನು ಉಂಡಿರಬಹುದೆಂದು ಊಹಿಸಲು ಹೇಳಿ. ಚೀನಾ ಒಂದೇ ಬಗೆಯ ನಾಡು ಎಂಬ ಭಾವನೆ ಅಲ್ಲಿಯೇ ಸಡಿಲವಾಗುತ್ತದೆ.

ಅನಂತರ ತರಗತಿಯ ಗೋಡೆಗೆ ಎರಡು ಸಾಲಿನ ಕಾಲರೇಖೆಯೊಂದನ್ನು ಅಂಟಿಸಿ, ಮೇಲಿನ ಸಾಲಿನಲ್ಲಿ ನಮ್ಮ ಸೀಮೆಯನ್ನೂ ಕೆಳಗಿನ ಸಾಲಿನಲ್ಲಿ ಚೀನಾವನ್ನೂ ಗುರುತಿಸಿ. ತಾಳಗುಂದದ ಕದಂಬರ ಕಾಲ ಒಂದು ಕಡೆಯಾದರೆ, ಬೌದ್ಧ ಗ್ರಂಥಗಳನ್ನು ಅರಸಿ ಫಾಹಿಯಾನ್ ಭಾರತಕ್ಕೆ ಬಂದ ಐದನೆಯ ಶತಮಾನದ ಆರಂಭ ಇನ್ನೊಂದು ಕಡೆ ಬರಲಿ. ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ರಾಜ್ಯವನ್ನು ವರ್ಣಿಸಿ, ಹರ್ಷನು ಅವನನ್ನು ಮಣಿಸಲಾಗಲಿಲ್ಲವೆಂದು ದಾಖಲಿಸಿದ್ದಾನೆ. 634ರ ಐಹೊಳೆ ಶಾಸನವೂ ಹರ್ಷನ ಸೋಲನ್ನೇ ಹೇಳುತ್ತದೆ. ಆ ಶಾಸನವನ್ನು ರಚಿಸಿದ ಆಸ್ಥಾನಕವಿ ರವಿಕೀರ್ತಿಯ ಮಾತು ಮತ್ತು ಪರದೇಶದ ಯಾತ್ರಿಕನ ಮಾತು ಒಂದಕ್ಕೊಂದು ಹೊಂದಿದಾಗ ಇತಿಹಾಸಕಾರನಿಗೆ ಏಕೆ ಧೈರ್ಯ ಬರುತ್ತದೆ ಎಂಬ ಚರ್ಚೆಗೆ ಅರ್ಧ ಅವಧಿ ಕೊಟ್ಟರೂ ನಷ್ಟವಿಲ್ಲ.

ಈ ಕಾಲರೇಖೆಯಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಜಾಗ 1644 ಮತ್ತು 1645. ಮೊದಲನೆಯ ವರ್ಷ ಲೀ ಚ್ಸಿಚೆಂಗ್‌ನ ಬಂಡಾಯದ ಸೇನೆ ಬೀಜಿಂಗನ್ನು ಹಿಡಿಯಿತು, ಮಿಂಗ್ ವಂಶದ ಚಕ್ರವರ್ತಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ, ಕೆಲವೇ ವಾರಗಳಲ್ಲಿ ಮಂಚೂರಿಯಾದ ಚಿಂಗ್ ವಂಶದವರು ರಾಜಧಾನಿಯನ್ನು ವಶಪಡಿಸಿಕೊಂಡರು. ಎರಡನೆಯ ವರ್ಷ ಕೆಳದಿಯ ಶಿವಪ್ಪ ನಾಯಕ ಪಟ್ಟಕ್ಕೆ ಬಂದ. ಭೂಮಿಯ ಫಲವತ್ತತೆಯನ್ನು ನೋಡಿ ಕಂದಾಯ ನಿಗದಿ ಮಾಡಿದ ಅವನ ಶಿಸ್ತನ್ನು ಮಕ್ಕಳು ಓದಿರುತ್ತಾರೆ. ಬರಗಾಲ, ಹಸಿವು ಮತ್ತು ಏರುತ್ತಿದ್ದ ತೆರಿಗೆಗಳು ಮಿಂಗ್ ರೈತರನ್ನು ಬಂಡಾಯಕ್ಕೆ ತಳ್ಳಿದ ಬಗೆಯನ್ನು ಅದರ ಪಕ್ಕದಲ್ಲಿಟ್ಟರೆ, ದೊರೆತನ ಉಳಿಯುವುದಕ್ಕೂ ಅಳಿಯುವುದಕ್ಕೂ ಕಂದಾಯದ ಲೆಕ್ಕಕ್ಕೂ ಇರುವ ನಂಟು ಒಂಬತ್ತನೆಯ ತರಗತಿಯ ಮಕ್ಕಳಿಗೂ ಅರ್ಥವಾಗುತ್ತದೆ. ಉಳಿದ ವಂಶಗಳ ಹೆಸರುಗಳನ್ನು ರೇಖೆಯ ಮೇಲೆ ಬರೆದರೆ ಸಾಕು.

ಈ ಇಡೀ ಪಾಠದ ತಿರುಳು ಅಣೆಕಟ್ಟಿನ ವಿಷಯ. ಇದಕ್ಕೆ ಕನಿಷ್ಠ ಎರಡು ಅವಧಿಗಳು ಬೇಕು. ಶರಾವತಿ ನದಿಗೆ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. ಮುಳುಗಡೆ ಸಂತ್ರಸ್ತ ಕುಟುಂಬಗಳ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಊರು ಬಿಡಬೇಕೆಂಬ ಸುದ್ದಿ ಹೇಗೆ ಬಂತು, ಮನೆಯಿಂದ ಏನನ್ನು ಒಯ್ದರು, ಊರದೇವರನ್ನು ಎಲ್ಲಿಗೆ ತಂದರು, ಹೊಸ ಜಾಗಕ್ಕೆ ಹಕ್ಕುಪತ್ರ ದೊರೆಯಿತೇ ಎಂಬ ಪ್ರಶ್ನೆಗಳನ್ನು ಅಜ್ಜ ಅಜ್ಜಿಯರಲ್ಲಿ ಕೇಳಿ ಬರೆದುಕೊಂಡು ಬರಲು ಹೇಳಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬಾರದೆಂದೂ ಮುಂಚೆಯೇ ತಿಳಿಸಿ.

ಆ ಟಿಪ್ಪಣಿಗಳು ಕೈಗೆ ಬಂದ ಮೇಲೆಯೇ ಯಾಂಗ್ಟ್ಸಿ ನದಿಯ ತ್ರೀ ಗಾರ್ಜಸ್ ಅಣೆಕಟ್ಟಿನ ಮಾತು ತೆಗೆಯಿರಿ. 1994ರಲ್ಲಿ ಕೆಲಸ ಆರಂಭವಾದ ಈ ಯೋಜನೆಯ ಸಾಮರ್ಥ್ಯ 22,500 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ್ದು 1,035. ತ್ರೀ ಗಾರ್ಜಸ್ ಯೋಜನೆಯಿಂದ ನೆಲೆ ಕಳೆದುಕೊಂಡವರು 12 ಲಕ್ಷಕ್ಕೂ ಹೆಚ್ಚು. ಹಳೆಯ ಪಟ್ಟಣಗಳನ್ನು ಕೆಡವಿ ಮೇಲಿನ ಇಳಿಜಾರಿನಲ್ಲಿ ಹೊಸದಾಗಿ ಕಟ್ಟಲಾಯಿತು. 1992ರಲ್ಲಿ ಯೋಜನೆಯನ್ನು ಮತಕ್ಕೆ ಹಾಕಿದಾಗ, ಸರ್ಕಾರದ ಪ್ರಸ್ತಾವಗಳಿಗೆ ಬಹುತೇಕ ಒಮ್ಮತದಿಂದ ಒಪ್ಪಿಗೆ ಕೊಡುವ ಚೀನಾದ ರಾಷ್ಟ್ರೀಯ ಜನಪ್ರತಿನಿಧಿ ಸಭೆಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಸದಸ್ಯರು ವಿರೋಧಿಸಿದರು ಅಥವಾ ತಟಸ್ಥರಾಗಿ ಉಳಿದರು. ಚೀನಾದಲ್ಲಿ ಎಲ್ಲರೂ ಒಂದೇ ರೀತಿ ಯೋಚಿಸುತ್ತಾರೆಂದು ನಂಬಿದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ. ಫುಲಿಂಗ್ ಎಂಬಲ್ಲಿ ನದಿಯ ನಡುವಿನ ಬಂಡೆಯ ಮೇಲೆ ಕಲ್ಲಿನ ಮೀನುಗಳನ್ನೂ ಶಾಸನಗಳನ್ನೂ ಕೆತ್ತಿ, ನೀರು ತೀರಾ ಇಳಿದ ವರ್ಷಗಳ ಮಟ್ಟವನ್ನು ಟಾಂಗ್ ವಂಶದ ಕಾಲದಿಂದಲೂ ದಾಖಲಿಸಿದ್ದರು. ಅಣೆಕಟ್ಟಿನಿಂದ ಅದು ಶಾಶ್ವತವಾಗಿ ಮುಳುಗುವುದರಿಂದ ನೀರಿನಡಿಯಲ್ಲೇ ವಸ್ತುಸಂಗ್ರಹಾಲಯ ಕಟ್ಟಿದರು. ಏನನ್ನು ಉಳಿಸಿಕೊಳ್ಳಲು ಹಣ ದೊರೆಯುತ್ತದೆ, ಏನಕ್ಕೆ ದೊರೆಯುವುದಿಲ್ಲ ಎಂಬುದನ್ನು ಎರಡೂ ನದಿಗಳ ವಿಷಯದಲ್ಲಿ ಮಕ್ಕಳೇ ಚರ್ಚಿಸಲಿ.

ಸಮಾಜದ ಪಾಠಕ್ಕೆ ಪರೀಕ್ಷೆಯೇ ಒಳ್ಳೆಯ ಬಾಗಿಲು. ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯಿಂದ ಆರಿಸುವ ಪದ್ಧತಿ ಅಲ್ಲಿ ಸುಮಾರು 1,300 ವರ್ಷ ನಡೆದು 1905ರಲ್ಲಿ ರದ್ದಾಯಿತು. ಇಂದು ಕಾಲೇಜು ಪ್ರವೇಶಕ್ಕಾಗಿ ಜೂನ್ ತಿಂಗಳಲ್ಲಿ ನಡೆಯುವ ಗಾವ್‌ಕಾವ್ ಪರೀಕ್ಷೆ, ಮಾವೋ ಆಡಳಿತದ ರಾಜಕೀಯ ಅಭಿಯಾನವಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿ 1977ರಲ್ಲಿ ಮರಳಿ ಬಂತು. ಹುಟ್ಟಿದ ಊರಿನ ನೋಂದಣಿಗೆ ಸೌಲಭ್ಯಗಳನ್ನು ಕಟ್ಟಿಹಾಕುವ ಹುಕೋವ್ ವ್ಯವಸ್ಥೆಯಿಂದಾಗಿ, ನಗರಕ್ಕೆ ದುಡಿಯಲು ಹೋದ ಲಕ್ಷಾಂತರ ತಂದೆತಾಯಂದಿರು ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜಿಯರ ಬಳಿ ಬಿಡಬೇಕಾಯಿತು. ಮಕ್ಕಳು ಬೆಂಗಳೂರು ಸೇರಿ ಹಿರಿಯರಷ್ಟೇ ಉಳಿದ ಮಲೆನಾಡಿನ ಮನೆಗಳನ್ನು ಕಂಡವರಿಗೆ ಈ ನೋವು ಬೇಗ ತಿಳಿಯುತ್ತದೆ.

ಅಡಿಕೆಯನ್ನು ಮರೆಯಬೇಡಿ. ಹೈನಾನ್ ದ್ವೀಪದಲ್ಲಿ ಅಡಿಕೆ ಬೆಳೆಯುತ್ತಾರೆ, ಹುನಾನ್ ಪ್ರಾಂತದಲ್ಲಿ ಅದನ್ನು ಸಂಸ್ಕರಿಸುತ್ತಾರೆ. ನಮ್ಮಂತೆ ಸುಲಿದು ಬೇಯಿಸಿ ರಾಶಿ ಮಾಡುವುದಿಲ್ಲ. ಎಳೆಯ ಕಾಯಿಯನ್ನು ಸಿಪ್ಪೆಸಹಿತ ಒಣಗಿಸಿ, ರುಚಿ ಕೂಡಿಸಿ, ವೀಳ್ಯದೆಲೆಯಿಲ್ಲದೆ ಜಗಿಯುತ್ತಾರೆ. ಬಾಯಿಯ ಕ್ಯಾನ್ಸರಿನ ಆತಂಕದಿಂದ 2021ರಲ್ಲಿ ಅಲ್ಲಿ ಟಿ.ವಿ. ಮತ್ತು ರೇಡಿಯೊ ಜಾಹೀರಾತುಗಳನ್ನು ನಿಲ್ಲಿಸಲಾಯಿತು. ಬೆಳೆಗಾರರ ಬದುಕು ಮತ್ತು ಜನರ ಆರೋಗ್ಯದ ನಡುವಿನ ಈ ಬಿಕ್ಕಟ್ಟನ್ನು ಅಡಿಕೆ ತೋಟದ ಮನೆಯ ಮಕ್ಕಳು ನಮಗಿಂತ ಚೆನ್ನಾಗಿ ಮಾತನಾಡಬಲ್ಲರು.

ಕಷ್ಟದ ವಿಷಯಗಳನ್ನು ಬಿಟ್ಟುಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ. 1959ರಿಂದ 1961ರವರೆಗಿನ ಮಹಾ ಕ್ಷಾಮದಲ್ಲಿ ಕೋಟ್ಯಂತರ ಜನ ಸತ್ತರೆಂಬುದನ್ನೂ, 1989ರಲ್ಲಿ ಬೀಜಿಂಗಿನಲ್ಲಿ ವಿದ್ಯಾರ್ಥಿ ಚಳವಳಿಯ ಮೇಲೆ ಸೇನೆ ಗುಂಡು ಹಾರಿಸಿತೆಂಬುದನ್ನೂ ಉದ್ವೇಗವಿಲ್ಲದೆ ಹೇಳಿ. ಟಿಬೆಟಿನ ಪಾಠಕ್ಕೆ ಮುಂಡಗೋಡಿನ ಟಿಬೆಟನ್ ನೆಲೆಗೆ ಶಾಲಾ ಪ್ರವಾಸ ಏರ್ಪಡಿಸಬಹುದು. 1966ರಲ್ಲಿ ಆರಂಭವಾದ ಆ ನೆಲೆಯ ಹಿರಿಯರ ಮಾತನ್ನು ಕೇಳಿದ ಮೇಲೆ, ಟಿಬೆಟ್ ತನ್ನ ಅವಿಭಾಜ್ಯ ಭಾಗವೆಂಬ ಚೀನಾ ಸರ್ಕಾರದ ವಾದವನ್ನೂ ತರಗತಿಯಲ್ಲಿ ಓದಿಸಿ. 1962ನ್ನು ಕಲಿಸುವ ದಿನ ಸೋಲಾಪುರದ ವೈದ್ಯ ದ್ವಾರಕಾನಾಥ ಕೋಟ್ನಿಸರ ಕಥೆಯನ್ನೂ ಹೇಳಿ. 1938ರಲ್ಲಿ ವೈದ್ಯಕೀಯ ತಂಡದೊಡನೆ ಚೀನಾಕ್ಕೆ ಹೋಗಿ, ಜಪಾನಿನ ವಿರುದ್ಧ ಹೋರಾಡುತ್ತಿದ್ದವರಿಗೆ ಚಿಕಿತ್ಸೆ ನೀಡುತ್ತ ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಸರ್ಕಾರ ಬೇರೆ, ಜನ ಬೇರೆ ಎಂಬ ಭೇದವನ್ನು ಶಿಕ್ಷಕರು ತಮ್ಮ ಮಾತಿನಲ್ಲಿ ಪ್ರತಿದಿನ ಪಾಲಿಸಬೇಕು. ಕಣ್ಣು ಮೂಗಿನ ಆಕಾರವನ್ನು ಆಡಿಕೊಳ್ಳುವ ಮಾತು ತರಗತಿಯಲ್ಲಿ ಬಂದರೆ ಅಲ್ಲೇ ತಡೆಯಿರಿ. ನಮ್ಮ ಕಾಫಿ ತೋಟಗಳಿಗೆ ದುಡಿಯಲು ಬಂದ ಈಶಾನ್ಯ ಭಾರತದವರೂ ಇಂತಹ ಮಾತುಗಳನ್ನು ಕೇಳುತ್ತಿದ್ದಾರೆ.

ಹಬ್ಬ, ಡ್ರ್ಯಾಗನ್, ಕಾಗದದ ದೀಪಗಳಿಗೆ ಒಂದು ಅವಧಿ ಸಾಕು. ಗೋಬಿ ಮಂಚೂರಿ ಭಾರತದಲ್ಲೇ ಹುಟ್ಟಿದ ತಿನಿಸೆಂದು ಹೇಳಿ ಮುಂದುವರಿಯಿರಿ.

ಕೊನೆಯ ಮೌಲ್ಯಮಾಪನಕ್ಕೆ ಇಸವಿಗಳನ್ನು ಕೇಳುವ ಬದಲು, ಯಾಂಗ್ಟ್ಸಿ ದಂಡೆಯಲ್ಲಿ ಮನೆ ಕಳೆದುಕೊಂಡ ತಮ್ಮ ವಯಸ್ಸಿನ ವಿದ್ಯಾರ್ಥಿಯೊಬ್ಬರಿಗೆ ಶರಾವತಿಯ ಬಗ್ಗೆ ಎರಡು ಪುಟದ ಪತ್ರ ಬರೆಯಲು ಹೇಳಿ. ಆ ಪತ್ರದಲ್ಲಿ ಚೀನಾದ ಬಗ್ಗೆ ಕನಿಷ್ಠ ಮೂರು ಖಚಿತ ಸಂಗತಿಗಳು ಮತ್ತು ಇನ್ನೂ ಉತ್ತರ ಸಿಗದ ಎರಡು ಪ್ರಶ್ನೆಗಳು ಇರಬೇಕು. ಅಂಕ ಕೊಡುವಾಗ ಪ್ರಶ್ನೆಗಳಿಗೂ ಸಂಗತಿಗಳಷ್ಟೇ ಅಂಕವಿರಲಿ.